ಪೂರ್ತಿ ಮ್ಯಾಚ್ ತೋರಿಸೋಣ

ಮುಂದಿನ ಸೆಮಿಸ್ಟರ್‌ನಿಂದ ನಮ್ಮ ಕನ್ನಡ ಸಂಘ ಒಂದು ಯೂಟ್ಯೂಬ್ ಚಾನೆಲ್ ಶುರು ಮಾಡುತ್ತಿದೆ. ಕವಿಗೋಷ್ಠಿಗೋ ರಾಜ್ಯೋತ್ಸವದ ಡ್ಯಾನ್ಸಿಗೋ ಅಲ್ಲ, ಆಟಕ್ಕೆ. ಅದರಲ್ಲೂ ಕ್ರಿಕೆಟ್, ಫುಟ್‌ಬಾಲ್ ಬಿಟ್ಟು ಉಳಿದ ಆಟಗಳಿಗೆ. ಮೊದಲು ಖೋ-ಖೋ, ಬಾಲ್ ಬ್ಯಾಡ್ಮಿಂಟನ್, ಥ್ರೋಬಾಲ್. ಕೈಗೂಡಿದರೆ ಆಮೇಲೆ ಮಲ್ಲಕಂಬ, ಕುಸ್ತಿ. ಈ ಸುದ್ದಿ ಹೇಳಿದ ಕೂಡಲೇ ಎಲ್ಲರೂ ಕೇಳೋದು ಎರಡು ಪ್ರಶ್ನೆ. "ಕನ್ನಡ ಸಂಘಕ್ಕೂ ಬಾಲ್ ಬ್ಯಾಡ್ಮಿಂಟನ್‌ಗೂ ಏನ್ ಸಂಬಂಧ ಗುರು?" ಮತ್ತೆ, "ಯಾರು ನೋಡ್ತಾರೆ?" ಎರಡಕ್ಕೂ ಉತ್ತರ ಕೊಡ್ತೀವಿ, ಸ್ವಲ್ಪ ತಾಳಿ. ಆದರೆ ಸಂಘದ ಒಳಗೆ ನಿಜವಾಗಿ ಜಗಳ ನಡೀತಿರೋದು ಮೂರನೇ ಪ್ರಶ್ನೆ ಮೇಲೆ. ತೋರಿಸೋದು ಸರಿ, ಹೇಗೆ ತೋರಿಸೋದು?

ನಮ್ಮಲ್ಲಿ ಅರ್ಧ ಜನ ರೀಲ್ಸ್ ಅಂತಾರೆ. ಹದಿನೈದು ಸೆಕೆಂಡು, ಸ್ಲೋ ಮೋಷನ್‌ನಲ್ಲಿ ಒಂದು ಡೈವ್, ಹಿಂದೆ ಮಾಸ್ ಬಿಜಿಎಂ, ಮುಗೀತು. ಇನ್ನು ಕೆಲವರಿಗೆ 'ಮರೆಯಾಗುತ್ತಿರುವ ಗ್ರಾಮೀಣ ಕ್ರೀಡೆಗಳು' ಅಂತ ಸಾಕ್ಷ್ಯಚಿತ್ರ ಮಾಡೋ ಆಸೆ: ಮುಳುಗೋ ಸೂರ್ಯ, ಕೊಳಲು, ಗಂಭೀರವಾದ ಹಿನ್ನೆಲೆ ದನಿ. ಈ ಲೇಖನ ಬರೀತಿರೋ ನಾವು ಎರಡೂ ಬೇಡ ಅನ್ನುವ ಗುಂಪಿನವರು. ಮೊದಲ ಸೀಟಿಯಿಂದ ಕೊನೆಯ ಸೀಟಿವರೆಗೆ ಪೂರ್ತಿ ಪಂದ್ಯ, ಪರದೆ ಮೇಲೆ ಸ್ಕೋರು, ಆಡುವವರ ಹೆಸರು, ಕನ್ನಡದಲ್ಲಿ ಕಾಮೆಂಟರಿ. ನಮಗೆ ಬೇಕಿರೋದು ಇಷ್ಟೇ. ಇದು ಬೋರಿಂಗ್ ಅನ್ನೋ ಮಾತು ವಾಟ್ಸಾಪ್ ಗ್ರೂಪಿನಲ್ಲಿ ಈಗಾಗಲೇ ಬಂದಿದೆ. ಹಾಗಾಗಿ ನಮ್ಮ ವಾದವನ್ನ ಇಲ್ಲೇ ಬರೆದು ಇಡ್ತಿದ್ದೀವಿ.

ಬಾಲ್ ಬ್ಯಾಡ್ಮಿಂಟನ್‌ನಿಂದಲೇ ಶುರು ಮಾಡೋಣ. ಹೆಸರು ಕೇಳಿ ಶಟಲ್ ಅಂದುಕೊಳ್ಳುವವರೇ ಹೆಚ್ಚು. ಇದು ಬೇರೆ ಆಟ. ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆ ಐದೈದು ಜನ, 24 ಮೀಟರ್ ಉದ್ದ 12 ಮೀಟರ್ ಅಗಲದ ಅಂಕಣ, 35 ಪಾಯಿಂಟಿಗೆ ಒಂದು ಗೇಮ್, ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಹುಟ್ಟಿದ್ದು ತಂಜಾವೂರಿನಲ್ಲಿ, ಬೆಳೆದದ್ದು ದಕ್ಷಿಣದ ಊರುಗಳಲ್ಲಿ. 1970ರಲ್ಲೇ ಈ ಆಟದ ಜೆ. ಪಿಚ್ಚಯ್ಯ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತ್ತು. ವಿಟಿಯು ಅಂತರ ಕಾಲೇಜು ಕ್ರೀಡಾಕೂಟಗಳ ಪಟ್ಟಿಯಲ್ಲಿ ಇದು ಇವತ್ತಿಗೂ ಇದೆ. ನಮ್ಮ ಕಾಲೇಜಿನ ಹುಡುಗಿಯರ ತಂಡ ಪ್ರತಿ ವರ್ಷ ಹೋಗಿ ಆಡಿ ಬರುತ್ತೆ, ಒಮ್ಮೊಮ್ಮೆ ಗೆದ್ದೂ ಬರುತ್ತೆ. ಗೆದ್ದಾಗ ಪ್ರಿನ್ಸಿಪಾಲ್ ಸರ್ ಜೊತೆ ಟ್ರೋಫಿ ಹಿಡಿದು ನಿಂತ ಫೋಟೋ ನೋಟಿಸ್ ಬೋರ್ಡಿಗೆ ಬೀಳುತ್ತೆ. ಆದರೆ ಆಡಿದ ಒಂದೇ ಒಂದು ಪಾಯಿಂಟಿನ ವಿಡಿಯೋ ಯಾರ ಹತ್ರಾನೂ ಇಲ್ಲ. ನಾಲ್ಕು ವರ್ಷ ಬೆಳಿಗ್ಗೆ ಆರಕ್ಕೆ ಎದ್ದು ಪ್ರಾಕ್ಟೀಸ್ ಮಾಡಿದ ಸೀನಿಯರ್ ಒಬ್ಬರು ಈ ವರ್ಷ ಪಾಸ್ ಔಟ್ ಆದರು. ಅವರು ಹೇಗೆ ಆಡ್ತಿದ್ರು ಅಂತ ಅವರ ಅಪ್ಪ ಅಮ್ಮ ಇಲ್ಲಿವರೆಗೂ ನೋಡಿಲ್ಲ. ಅದೇ ವರ್ಷ ಕಾಲೇಜಿನ ಡಿಪಾರ್ಟ್‌ಮೆಂಟ್ ಕ್ರಿಕೆಟ್ ಫೈನಲ್‌ಗೆ ಡ್ರೋನ್ ಹಾರಿತ್ತು. ಟೆನಿಸ್ ಬಾಲ್ ಮ್ಯಾಚ್‌ಗೆ, ಡ್ರೋನ್!

ಇದನ್ನ 'ಸಾಯುತ್ತಿರುವ ಆಟ' ಅಂತ ಕರೆಯೋಕೆ ನಮಗೆ ಮನಸ್ಸಿಲ್ಲ. ಚಿನ್ನಿ ದಾಂಡು, ಕುಂಟೆಬಿಲ್ಲೆ ವಿಷಯ ಬೇರೆ. ಅವನ್ನ ಈಗ ಹೆಚ್ಚಾಗಿ ಉತ್ಸವಗಳಲ್ಲಿ 'ನಮ್ಮ ಹಳ್ಳಿ ಆಟ' ಅಂತ ಪ್ರದರ್ಶನಕ್ಕೆ ಆಡಿಸ್ತಾರೆ, ಆಡಿಸಲಿ. ಆದರೆ ಖೋ-ಖೋಗೆ, ಬಾಲ್ ಬ್ಯಾಡ್ಮಿಂಟನ್‌ಗೆ ಲಿಖಿತ ನಿಯಮ ಇದೆ, ಫೆಡರೇಷನ್ ಇದೆ, ಆಯ್ಕೆ ಶಿಬಿರ ಇದೆ, ಸೋತು ಅಳುವವರಿದ್ದಾರೆ. ಮಲ್ಲಕಂಬವನ್ನೂ ಯೋಗಾಸನ, ಗಟ್ಕಾ, ಕಳರಿಪಯಟ್ಟು, ಥಾಂಗ್-ತಾ ಜೊತೆ ಖೇಲೋ ಇಂಡಿಯಾ ಯೂತ್ ಗೇಮ್ಸ್‌ಗೆ ಸೇರಿಸಿಕೊಂಡು ಆಡಿಸಿದ್ದಾರೆ. ಬೆಳಿಗ್ಗೆ ಕಂಬಕ್ಕೆ ಹರಳೆಣ್ಣೆ ಹಚ್ಚಿ ಹತ್ತುವ ಹುಡುಗನ ಮುಂದೆ ಕ್ಯಾಮೆರಾ ಹಿಡಿದು "ನಿಮ್ಮ ಕಲೆ ನಶಿಸಿ ಹೋಗ್ತಿದೆ, ಹೇಗನ್ನಿಸುತ್ತೆ?" ಅಂತ ಕೇಳೋದು ಅವಮಾನ. ಅವನಿಗೆ ಅವತ್ತು ಎಷ್ಟು ಅಂಕ ಬಂತು, ಎಲ್ಲಿ ಕಾಲು ಜಾರಿತು ಅಂತ ಕೇಳಬೇಕು. ಕೊಹ್ಲಿಗೆ ಯಾರಾದರೂ ಅಂಥ ಪ್ರಶ್ನೆ ಕೇಳ್ತಾರಾ?

ಈಗ ಕಬಡ್ಡಿ. ನಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದ 2014ರವರೆಗೆ ಭಾರತದ ಗಂಡಸರು ಪ್ರತಿ ಸಲ ಚಿನ್ನ ತಂದರು. ಮಾರನೇ ದಿನದ ಪೇಪರಿನಲ್ಲಿ ನಾಲ್ಕು ಸಾಲು. ಕಬಡ್ಡಿ ಗೊತ್ತಿಲ್ಲದವರು ಯಾರೂ ಇರಲಿಲ್ಲ, ಆದರೆ ಕೂತು ನೋಡುವವರೂ ಇರಲಿಲ್ಲ. 2014ರಲ್ಲಿ ಎಂಟು ತಂಡ ಇಟ್ಟುಕೊಂಡು ಪ್ರೊ ಕಬಡ್ಡಿ ಶುರುವಾಯ್ತು. ಮೊದಲ ಸೀಸನ್ ನೋಡಿದವರು 43.5 ಕೋಟಿ ಜನ ಅಂತ ಲೆಕ್ಕ ಬಂತು, ಐಪಿಎಲ್ ಬಿಟ್ಟರೆ ಅದೇ ಎರಡನೆಯದು. ಎಲ್ಲರೂ ಇದಕ್ಕೆ ದುಡ್ಡು, ಲೈಟು, ಬಾಲಿವುಡ್ ಕಾರಣ ಅಂತಾರೆ. ಇರಬಹುದು. ಆದರೆ ಇನ್ನೊಂದನ್ನ ಗಮನಿಸಿ. ಪರದೆ ಮೇಲೆ 30 ಸೆಕೆಂಡಿನ ಗಡಿಯಾರ ಬಂತು. ಎರಡು ಖಾಲಿ ರೈಡ್ ಆದಮೇಲೆ ಮೂರನೆಯದು 'ಡೂ ಆರ್ ಡೈ' ಅಂತ ಎಲ್ಲರಿಗೂ ಕಾಣೋ ಹಾಗೆ ಬರೆದರು. ಬೋನಸ್ ಗೆರೆ ಮೇಲೆ ಕಾಲು ಬಿತ್ತಾ ಇಲ್ವಾ ಅಂತ ಹತ್ತಿರದಿಂದ ತೋರಿಸಿದರು. ಅಂದರೆ ನೋಡುವವನಿಗೆ ಮುಂದೆ ಏನಾಗಬಹುದು ಅಂತ ಊಹಿಸೋಕೆ ಬೇಕಾದ ಸಾಮಗ್ರಿ ಕೊಟ್ಟರು. ಪರ್ದೀಪ್ ನರ್ವಾಲ್ ಪ್ರತಿ ಸಲ ಬಗ್ಗಿ ನುಗ್ಗಿದಾಗಲೂ ಕಾಮೆಂಟರಿಯವರು 'ಡುಬ್ಕಿ' ಅಂತ ಹೇಳಿ ಹೇಳಿ, ಇವತ್ತು ಹಾಸ್ಟೆಲ್ ಮೆಸ್ಸಿನ ಕ್ಯೂನಲ್ಲಿ ಸಂದು ನುಗ್ಗಿ ಮುಂದೆ ಹೋದವನಿಗೂ 'ಏನ್ ಡುಬ್ಕಿ ಹೊಡ್ದಪ್ಪ' ಅಂತೀವಿ. ಒಂದು ಆಟದ ಪದ ಮಾತಿಗೆ ಇಳೀತು ಅಂದ್ರೆ ಆಟ ಮನೆಗೆ ಬಂತು ಅಂತಲೇ ಅರ್ಥ. ಅದು ರೀಲ್‌ನಿಂದ ಆಗಲಿಲ್ಲ, ಪ್ರತಿ ರಾತ್ರಿ ಪೂರ್ತಿ ಮ್ಯಾಚ್ ತೋರಿಸಿದ್ದಕ್ಕೆ ಆಯ್ತು.

ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮ ಕರಾವಳಿಯದೇ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರ್ ಕರೆಯನ್ನ 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನ ನೂರು ಮೀಟರಿಗೆ ಭಾಗಿಸಿ 9.55 ಅಂದರು. ಬೋಲ್ಟ್ 9.58. ಅಷ್ಟು ಸಾಕಾಯ್ತು, ಆ ತುಣುಕು ಪ್ರಪಂಚ ಸುತ್ತಿತು. ಕೇಂದ್ರ ಕ್ರೀಡಾ ಸಚಿವರೇ ಸಾಯ್ ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ, ವೇಗದ ಶ್ರೇಯಸ್ಸು ಕೋಣಗಳಿಗೆ ಸೇರಬೇಕು ಅಂದುಬಿಟ್ಟರು. ಆ ಗಲಾಟೆಯಲ್ಲಿ ಪೂರ್ತಿ ತಿಳುವಳಿಕೆಯಿಂದ ಮಾತಾಡಿದವರು ಬಹುಶಃ ಅವರೊಬ್ಬರೇ. ಯಾಕಂದ್ರೆ ಕಂಬಳ ನೂರು ಮೀಟರ್ ಓಟ ಅಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆ ಅಂತ ಬೇರೆ ಬೇರೆ ವಿಭಾಗ ಇವೆ. ಕನೆ ಹಲಗೆಯಲ್ಲಂತೂ ವೇಗಕ್ಕೆ ಅಂಕವೇ ಇಲ್ಲ, ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ಬಟ್ಟೆಗೆ ತಾಗಿತಾ ಅನ್ನೋದೇ ಲೆಕ್ಕ. ಎಂಥ ಅದ್ಭುತ ನಿಯಮ! ಆ ತುಣುಕು ನೋಡಿದ ಕೋಟಿಗಟ್ಟಲೆ ಜನರಲ್ಲಿ ಎಷ್ಟು ಮಂದಿಗೆ ಇದು ತಿಳಿದಿರುತ್ತೆ ಹೇಳಿ. ವೈರಲ್ ಆದ ಮೇಲೂ ಕಂಬಳ ಅವರ ಪಾಲಿಗೆ ಕೆಸರಿನಲ್ಲಿ ಓಡೋ ಬೋಲ್ಟ್ ಅಷ್ಟೇ. ಕರಾವಳಿಯ ಲೋಕಲ್ ಚಾನೆಲ್‌ಗಳು ಇಡೀ ರಾತ್ರಿ ನೇರಪ್ರಸಾರ ಮಾಡ್ತವಲ್ಲ, ಮೈಕಿನಲ್ಲಿ ತುಳುವಿನಲ್ಲಿ ಯಾರ ಮನೆ ಕೋಣ, ಓಡಿಸುವವರು ಯಾರು ಅಂತ ಹೇಳ್ತಾ ಹೋಗ್ತಾರಲ್ಲ, ಅದನ್ನ ನೋಡಿದರೆ ಬೇರೆ ಲೋಕವೇ ತೆರೆಯುತ್ತೆ. ನಮ್ಮ ಮಂಗಳೂರು ಕಡೆಯ ಕ್ಲಾಸ್‌ಮೇಟ್‌ಗಳು ಇಂಟರ್ನಲ್ಸ್ ಹಿಂದಿನ ರಾತ್ರಿಯೂ ಅದನ್ನ ಹಾಕಿಕೊಂಡು ಕೂತಿರೋದನ್ನ ನಾವೇ ಕಂಡಿದ್ದೀವಿ.

ಖೋ-ಖೋ ಕಥೆ ಇನ್ನೂ ಹತ್ತಿರದ್ದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೀತು. ಫೈನಲ್‌ನಲ್ಲಿ ಹೆಂಗಸರು ನೇಪಾಳವನ್ನ 78-40ರಿಂದ, ಗಂಡಸರು 54-36ರಿಂದ ಸೋಲಿಸಿದರು. ತಂಡಗಳಲ್ಲಿ ನಮ್ಮವರಿಬ್ಬರು: ಎಂ.ಕೆ. ಗೌತಮ್, ಮತ್ತೆ ತಿ. ನರಸೀಪುರ ತಾಲೂಕು ಕುರುಬೂರಿನ ಬಿ. ಚೈತ್ರಾ. ರಾಜ್ಯ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದರ ಜೊತೆ ಹೋಲಿಸಿ ಇಬ್ಬರೂ ಅದನ್ನ ಬೇಡ ಅಂದರು. ಅದು ದೊಡ್ಡ ಸುದ್ದಿಯಾಯ್ತು, ಆಗಬೇಕಾದ್ದೇ. ನಾವು ಕ್ಯಾಂಟೀನಿನಲ್ಲಿ ಕೇಳಿ ನೋಡಿದೆವು. 5 ಲಕ್ಷದ ವಿಷಯ ಹೆಚ್ಚಿನವರಿಗೆ ಗೊತ್ತು. ಚೈತ್ರಾ ಹೇಗೆ ಆಡ್ತಾರೆ, ಓಡೋದರಲ್ಲಿ ಗಟ್ಟಿನಾ, ಬೆನ್ನಟ್ಟೋದರಲ್ಲಾ ಅಂದ್ರೆ ಎಲ್ಲರೂ ಮುಖ ಮುಖ ನೋಡಿಕೊಂಡರು. ವಿಶ್ವಕಪ್ ಗೆದ್ದವರ ಬಗ್ಗೆ ಹಣದ ಲೆಕ್ಕ ಗೊತ್ತು, ಆಟ ಗೊತ್ತಿಲ್ಲ. ಅಲ್ಟಿಮೇಟ್ ಖೋ-ಖೋ ಲೀಗ್ 2022ರಲ್ಲಿ ಆರು ತಂಡಗಳೊಂದಿಗೆ ಶುರುವಾದಾಗ ಚೆನ್ನೈ, ತೆಲುಗು, ಒಡಿಶಾ, ಗುಜರಾತ್, ಮುಂಬೈ, ರಾಜಸ್ಥಾನ ಹೆಸರಿನ ತಂಡಗಳಿದ್ದವು. ನಮ್ಮ ರಾಜ್ಯದ ಹೆಸರಿನದು ಇರಲಿಲ್ಲ. ಖೋ-ಖೋ ಆಡದ ಸರ್ಕಾರಿ ಶಾಲೆ ಸಿಗೋದೇ ಕಷ್ಟ ಅನ್ನೋ ರಾಜ್ಯದ ಪರಿಸ್ಥಿತಿ ಇದು.

ಇಂಥದ್ದನ್ನ ಬೇರೆ ಕಡೆ ಯಾರಾದರೂ ಮಾಡಿದ್ದಾರಾ ಅಂತ ಹುಡುಕಿದಾಗ ಸಿಕ್ಕಿದ್ದು ಡಿಸ್ಕ್ ಗಾಲ್ಫ್. ಕಾಡಿನ ಮಧ್ಯೆ ತಟ್ಟೆ ಎಸೆದು ಸರಪಳಿ ಕಟ್ಟಿದ ಬುಟ್ಟಿಗೆ ಹಾಕೋ ಆಟ. ಅಮೆರಿಕದಲ್ಲೂ ಟಿವಿಯವರು ಅದರ ಕಡೆ ತಲೆ ಹಾಕಿರಲಿಲ್ಲ. ಜೋಮೆಜ್‌ಪ್ರೋ ಅನ್ನೋ ಯೂಟ್ಯೂಬ್ ಚಾನೆಲ್‌ನವರು ಒಂದು ಉಪಾಯ ಮಾಡಿದರು. ನೇರಪ್ರಸಾರದ ಉಸಾಬರಿಗೆ ಹೋಗದೆ ಹಲವು ಕ್ಯಾಮೆರಾದಲ್ಲಿ ಆಟ ಹಿಡಿದು, ರಾತ್ರಿಯೆಲ್ಲ ಎಡಿಟ್ ಮಾಡಿ, ಆ ಆಟದ ಆಟಗಾರರಿಂದಲೇ ಕಾಮೆಂಟರಿ ಹೇಳಿಸಿ, ಮಾರನೇ ದಿನ ಹಾಕೋದು. ಫಲಿತಾಂಶ ಆಗಲೇ ಗೊತ್ತಿದ್ದರೂ ಜನ ಕೂತು ನೋಡಿದರು. ತಟ್ಟೆ ಗಾಳಿಗೆ ಯಾವ ಕಡೆ ವಾಲುತ್ತೆ, ಯಾಕೆ ಅಂತ ಕಲಿತರು. 2021ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ ಬುಟ್ಟಿಗೆ ಜೇಮ್ಸ್ ಕಾನ್ರಾಡ್ 247 ಅಡಿ ದೂರದಿಂದ ಎಸೆದು ಹಾಕಿ, ಪಂದ್ಯವನ್ನ ಪ್ಲೇಆಫ್‌ಗೆ ಎಳೆದು ಗೆದ್ದ. ಆ ತುಣುಕು ಇಎಸ್‌ಪಿಎನ್‌ವರೆಗೂ ಹೋಯ್ತು. ಅಷ್ಟು ಹೊತ್ತಿಗೆ ಅದನ್ನ ನೋಡಿ ಎದ್ದು ಕುಣಿಯೋಕೆ ಆಟ ತಿಳಿದ ಪ್ರೇಕ್ಷಕರು ತಯಾರಾಗಿದ್ದರು. ನಮ್ಮ ರೀಲ್ಸ್ ಗೆಳೆಯರಿಗೆ ನಾವು ಹೇಳೋದೂ ಅಷ್ಟೇ. ತುಣುಕು ಬೇಡ ಅಂತಲ್ಲ. ಅದು ಪೂರ್ತಿ ಮ್ಯಾಚಿನಿಂದ ಹುಟ್ಟಬೇಕು, ನೋಡಿದವರನ್ನ ಮ್ಯಾಚಿಗೆ ವಾಪಸ್ ಕರಕೊಂಡು ಬರಬೇಕು.

ಇದೂ ಸಾಲದು ಅಂದ್ರೆ ಗೋಲಿ ನೋಡಿ. ತಮಾಷೆ ಅಲ್ಲ, ಗೋಲಿನೇ. ನೆದರ್ಲೆಂಡ್ಸ್‌ನ ಯೆಲ್ಲೆ ಬಾಕರ್ ಅನ್ನುವವರು ಬಣ್ಣದ ಗೋಲಿಗಳನ್ನ ಇಳಿಜಾರಿನಲ್ಲಿ ಉರುಳಿಸಿ ವಿಡಿಯೋ ಮಾಡ್ತಾರೆ. ಗೋಲಿಗಳಿಗೆ ತಂಡ, ತಂಡಕ್ಕೆ ಹೆಸರು, ಪಾಯಿಂಟ್ ಪಟ್ಟಿ, ಫಾರ್ಮುಲಾ ಒನ್ ಥರ ಸೀಸನ್. ಗ್ರೆಗ್ ವುಡ್ಸ್ ಅನ್ನುವವರ ಕಾಮೆಂಟರಿ ಎಷ್ಟು ಸೀರಿಯಸ್ಸು ಅಂದ್ರೆ ಕೇಳ್ತಾ ಕೇಳ್ತಾ ನಮಗೂ ಒಂದು ಗೋಲಿ ಮೇಲೆ ಅಭಿಮಾನ ಹುಟ್ಟಿಬಿಡುತ್ತೆ. 2020ರಲ್ಲಿ ಕೊರೋನಾ ಬಂದು ಎಲ್ಲಾ ಕ್ರೀಡೆ ನಿಂತಾಗ ಜನ ಇದನ್ನೇ ನೋಡಿದರು. ಜೀವ ಇಲ್ಲದ ಗೋಲಿಗೆ ಹೆಸರು, ಸ್ಕೋರು, ಹೇಳುವ ದನಿ ಕೊಟ್ಟರೆ ಇಷ್ಟಾಗುತ್ತೆ. ನಮ್ಮ ಇಸಿ ಬ್ರಾಂಚಿನ ಹುಡುಗಿ ಕಂಬದ ಹತ್ರ ಹಾರಿ ಬಿದ್ದು ಮೊಣಕೈ ತರಚಿಕೊಂಡು ಒಬ್ಬಳನ್ನ ಔಟ್ ಮಾಡ್ತಾಳಲ್ಲ, ಅವಳಿಗೆ ಆಗಲ್ವಾ?

ಸರಿ, ಯಾರು ನೋಡ್ತಾರೆ? ನಮ್ಮ ಅಂದಾಜು ಹೇಳ್ತೀವಿ: ಮೊದಲ ವಿಡಿಯೋಗೆ ಇನ್ನೂರು ಜನ. ಎರಡೂ ತಂಡದವರು, ಅವರ ಹಾಸ್ಟೆಲ್ ರೂಮ್‌ಮೇಟ್‌ಗಳು, ಊರಿನಲ್ಲಿರೋ ಅಪ್ಪ ಅಮ್ಮ, ಇವರಿಗೆ ಹೈಸ್ಕೂಲಿನಲ್ಲಿ ಆಟ ಕಲಿಸಿದ ಪಿ.ಟಿ. ಸರ್. ಈ ಸರ್ ಇದ್ದಾರಲ್ಲ, ನಮ್ಮ ಮುಖ್ಯ ಪ್ರೇಕ್ಷಕ ಅವರೇ. ಅವರ ಹತ್ತಿರ ಈಗ ಮೂವತ್ತು ಮಕ್ಕಳಿದ್ದಾರೆ. 'ಚೈನ್' ಹೇಗೆ ಓಡಬೇಕು, 'ರಿಂಗ್' ಯಾವಾಗ ಹಾಕಬೇಕು ಅಂತ ತೋರಿಸೋಕೆ ಅವರಿಗೆ ಕನ್ನಡದಲ್ಲಿ ಒಳ್ಳೇ ವಿಡಿಯೋ ಸಿಗೋದು ಅಪರೂಪ. ಚಾನೆಲ್ ಇಂದ ಯಾರಿಗೂ ಸ್ಪೋರ್ಟ್ಸ್ ಕೋಟಾ ಕೆಲಸ ಸಿಗಲ್ಲ, ಅಲ್ಲಿ ಕೇಳೋದು ಸರ್ಟಿಫಿಕೇಟು. ಅಂಥ ಆಸೆ ಹುಟ್ಟಿಸಿ ಆಟಗಾರರನ್ನ ಕ್ಯಾಮೆರಾ ಮುಂದೆ ನಿಲ್ಲಿಸಬಾರದು. ಆದರೆ ಆಡಿದವಳು ತನ್ನ ಆಟವನ್ನ ತಾನೇ ಒಮ್ಮೆ ನೋಡೋದು ಸಣ್ಣ ವಿಷಯ ಅಲ್ಲ. ಕ್ರಿಕೆಟ್ ಅಕಾಡೆಮಿಯಲ್ಲಿ ಹತ್ತು ವರ್ಷದ ಹುಡುಗನ ಕವರ್ ಡ್ರೈವನ್ನೂ ಅವರಪ್ಪ ಮೊಬೈಲಿನಲ್ಲಿ ಹಿಡಿದು ಮೊಣಕೈ ಸರಿ ಇದೆಯಾ ಅಂತ ನೋಡ್ತಾರೆ. ನಮ್ಮ ಕಾಲೇಜ್ ತಂಡದವರಿಗೆ ಆ ಭಾಗ್ಯ ಬಂದಿಲ್ಲ.

ಕ್ಯಾಮೆರಾ ಎಲ್ಲಿ ಇಡಬೇಕು ಅನ್ನೋದರ ಬಗ್ಗೆ ನಾವು ಸ್ವಲ್ಪ ಹೆಚ್ಚೇ ತಲೆ ಕೆಡಿಸಿಕೊಂಡಿದ್ದೀವಿ, ಕ್ಷಮಿಸಿ. ಖೋ-ಖೋದಲ್ಲಿ ಎಂಟು ಜನ ಮಧ್ಯದ ಗೆರೆ ಮೇಲೆ ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರ್ತಾರೆ, ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಅವಳು ಮಧ್ಯದ ಗೆರೆ ದಾಟೋ ಹಾಗಿಲ್ಲ, ಒಮ್ಮೆ ಹಿಡಿದ ದಿಕ್ಕನ್ನ ಕಂಬ ಮುಟ್ಟೋವರೆಗೆ ಬದಲಿಸೋ ಹಾಗಿಲ್ಲ. ಓಡುವವಳು ಎಲ್ಲಿ ಬೇಕಾದರೂ ನುಸುಳಬಹುದು. ಆಟದ ಮಜಾ ಇರೋದೇ ಈ ಅನ್ಯಾಯದಲ್ಲಿ. ನೆಲದ ಮಟ್ಟದಿಂದ ಹಿಡಿದರೆ ಕೂತವರ ಬೆನ್ನು, ಎದ್ದ ಧೂಳು ಬಿಟ್ಟು ಏನೂ ಕಾಣಲ್ಲ. ಎತ್ತರದಿಂದ, ಅಂಕಣದ ಉದ್ದದ ಬದಿಯ ಸರಿಯಾಗಿ ಮಧ್ಯದಿಂದ ಹಿಡಿಯಬೇಕು. ನಮ್ಮ ಗ್ರೌಂಡಿಗೆ ಮೆಕ್ಯಾನಿಕಲ್ ಬ್ಲಾಕಿನ ಎರಡನೇ ಮಹಡಿ ಕಾರಿಡಾರ್ ಹೇಳಿ ಮಾಡಿಸಿದ ಹಾಗಿದೆ. ಅಲ್ಲೊಂದು ಫೋನು ಟ್ರೈಪಾಡ್ ಮೇಲೆ, ಕಂಬದ ಹತ್ತಿರ ಇನ್ನೊಂದು. ಬಾಲ್ ಬ್ಯಾಡ್ಮಿಂಟನ್‌ಗೆ ಬದಿ ಬೇಡ, ಅಂಕಣದ ಹಿಂದಿನಿಂದ ಎತ್ತರದಲ್ಲಿ ಇಡಬೇಕು. ಉಣ್ಣೆ ಚೆಂಡು ಸಣ್ಣದು, ವೇಗ ಜಾಸ್ತಿ. 30 ಫ್ರೇಮಿನಲ್ಲಿ ಹಿಡಿದರೆ ಹಳದಿ ಗೆರೆ ಥರ ಉಜ್ಜಿಹೋಗುತ್ತೆ, 60 ಬೇಕು. ಸಂಜೆ ನಾಲ್ಕೂವರೆ ಮೇಲೆ ಬೆಳಕು ಸಾಲದೆ ಫೋನು ಸೋಲುತ್ತೆ.

ಸ್ಕೋರು ತೋರಿಸೋಕೆ ಓಬಿಎಸ್ ಸಾಫ್ಟ್‌ವೇರ್ ಇದೆ, ಉಚಿತ. ಖೋ-ಖೋಗೆ ಬರೀ ಪಾಯಿಂಟ್ ಸಾಲದು. ಓಡೋಕೆ ಬಂದ ಮೂವರಲ್ಲಿ ಒಬ್ಬೊಬ್ಬರು ಎಷ್ಟು ನಿಮಿಷ ಎಷ್ಟು ಸೆಕೆಂಡ್ ಉಳಿದರು ಅನ್ನೋದು ಆಟದ ಜೀವಾಳ. ಮೇಜಿನ ಹತ್ತಿರ ಕೂತ ಸ್ಕೋರರ್ ಅದನ್ನ ಹಾಳೆಯಲ್ಲಿ ಬರೀತಾರೆ. ನೋಡುವವರಿಗೆ ಮಾತ್ರ ಕಾಣಲ್ಲ. ಒಬ್ಬಳು ಎರಡೂವರೆ ನಿಮಿಷ ದಾಟಿದಳು ಅಂತ ಪರದೆ ಮೇಲೆ ಗಡಿಯಾರ ಓಡ್ತಿದ್ರೆ ಆಟ ಗೊತ್ತಿಲ್ಲದವನೂ ಉಸಿರು ಬಿಗಿ ಹಿಡೀತಾನೆ. ಸಿಎಸ್, ಐಎಸ್ ಗೆಳೆಯರೇ, ಪ್ರತಿ ವರ್ಷ ಮುಖ ಗುರುತಿಸಿ ಅಟೆಂಡೆನ್ಸ್ ಹಾಕೋ ಮಿನಿ ಪ್ರಾಜೆಕ್ಟನ್ನ ನಾಲ್ಕು ಬ್ಯಾಚು ಸಲ್ಲಿಸ್ತವೆ. ಅಟೆಂಡೆನ್ಸ್ ಇನ್ನೂ ಕೈಯಲ್ಲೇ ಹಾಕ್ತಿದ್ದಾರೆ. ಒಮ್ಮೆ ಖೋ-ಖೋ ಸ್ಕೋರ್‌ಬೋರ್ಡ್ ಮಾಡಿ. ಮಾರನೇ ವಾರವೇ ಉಪಯೋಗಕ್ಕೆ ಬರುತ್ತೆ, ಗೈಡ್ ಮುಂದೆ ಡೆಮೋ ಕೊಡೋಕೆ ಗ್ರೌಂಡೇ ಇದೆ.

ಇನ್ನು ಕನ್ನಡ ಸಂಘಕ್ಕೇನು ಸಂಬಂಧ ಅನ್ನೋ ಮಾತು. ನಾವು ನವೆಂಬರ್‌ನಲ್ಲಿ ಭಾಷೆ ಉಳಿಸಿ ಅಂತ ಭಾಷಣ ಮಾಡ್ತೀವಿ. ಈ ಆಟಗಳು ನಡೆಯೋದೇ ಕನ್ನಡದಲ್ಲಿ. ಗ್ರೌಂಡಿನ ಅಂಚಿನಲ್ಲಿ ನಿಂತು ಕೋಚ್ ಕೂಗೋದು "ಕೂತ್ಕೋ", "ಬಿಡ್ಬೇಡ", "ಕಂಬ ಕಂಬ!" ಅಂತ. ಇದನ್ನ ಹಿಡಿದು ತಂದು ಇಂಗ್ಲಿಷ್ ಕಾಮೆಂಟರಿ ಅಂಟಿಸಿದರೆ ಅದು ಯಾರಿಗೆ? ಹಾಗಂತ 'ಧಾವಕಿ', 'ಅನುಧಾವಕಿ' ಅಂತ ಪದ ಟಂಕಿಸೋದೂ ಬೇಡ. ರನ್ನರ್, ಡೈವ್, ಪೋಲ್ ಎಲ್ಲ ಇರಲಿ, ಆಟಗಾರರು ಏನಂತಾರೋ ಅದೇ. ಧಾರವಾಡದ ಕಡೆಯವರು ಮಾತಾಡಿದರೆ ಅವರ ಕನ್ನಡದಲ್ಲೇ ಮಾತಾಡಲಿ, ಜಾತ್ರೆ ಕುಸ್ತಿಯ ಮೈಕಿನ ಗತ್ತು ಅವರಿಗೇ ಬರೋದು. ಕಾಮೆಂಟರಿಗೆ ಇಬ್ಬರು ಕೂರಲಿ. ಒಬ್ಬರು ಆಟ ಆಡಿದವರು, ಇನ್ನೊಬ್ಬರು ಏನೂ ಗೊತ್ತಿಲ್ಲದವರು. ಗೊತ್ತಿಲ್ಲದವರು ಕೇಳ್ತಾ ಹೋಗಲಿ: "ಅವಳು ಯಾಕೆ ವಾಪಸ್ ತಿರುಗಲಿಲ್ಲ?" ನೋಡುವವರ ಪ್ರಶ್ನೆಯೂ ಅದೇ ಆಗಿರುತ್ತೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಹುಡುಗಿಯರ ಪಂದ್ಯ ಹಾಕಿದಾಗ ಕಾಮೆಂಟ್‌ನಲ್ಲಿ ಏನು ಬರುತ್ತೆ ಅಂತ ನಮಗೆಲ್ಲ ಗೊತ್ತು. ನಮ್ಮ ತಂಡದ ಇಬ್ಬರು ಈ ಕಾರಣಕ್ಕೇ "ನಮ್ ಮ್ಯಾಚ್ ಹಾಕ್ಬೇಡಿ" ಅಂದರು. ಅವರ ಭಯ ಸುಳ್ಳಲ್ಲ. ಅದಕ್ಕೇ ಒಪ್ಪಿಗೆ ಇಲ್ಲದೆ ಯಾರನ್ನೂ ಹಿಡಿಯೋ ಹಾಗಿಲ್ಲ, ಹಾಕಿದ ಮೇಲೆ ಬೇಡ ಅಂದರೂ ಅವತ್ತೇ ತೆಗೀಬೇಕು. ಹದಿನೆಂಟು ತುಂಬದ ಶಾಲಾ ಮಕ್ಕಳಾದರೆ ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿ. ಕಾಮೆಂಟ್‌ಗಳನ್ನ ನಾವು ಓದಿ ಬಿಟ್ಟ ಮೇಲೇ ಕಾಣುವ ಹಾಗೆ ಇಡೋ ಸೌಲಭ್ಯ ಯೂಟ್ಯೂಬಿನಲ್ಲಿದೆ, ಮೊದಲ ದಿನದಿಂದ ಅದನ್ನ ಹಾಕಿಡ್ತೀವಿ. ಥಂಬ್‌ನೇಲ್‌ಗೆ ಸ್ಕೋರು, ತಂಡದ ಹೆಸರು ಸಾಕು. ಎತ್ತರದ ಕ್ಯಾಮೆರಾ ಬೇಕು ಅನ್ನೋದಕ್ಕೆ ಇದೂ ಒಂದು ಕಾರಣ: ಅಲ್ಲಿಂದ ಆಟ ಕಾಣುತ್ತೆ. ಸ್ಲೋ ಮೋಷನ್ ರೀಲ್ ಏನನ್ನ ಹುಡುಕುತ್ತೆ ಅಂತ ಹೇಳಬೇಕಾಗಿಲ್ಲ.

ಸಿನಿಮಾ ಹಾಡು ಬೇಡ, ಹಾಕಿದರೆ ಕಾಪಿರೈಟ್ ಕ್ಲೇಮ್ ಬರುತ್ತೆ. ದುಡ್ಡಿನ ಮಾತು ಕೇಳಿದವರಿಗೆ: ಜಾಹೀರಾತಿನ ಪಾಲು ಬರಬೇಕಾದರೆ ಸಾವಿರ ಸಬ್‌ಸ್ಕ್ರೈಬರ್ಸ್ ಜೊತೆಗೆ ಒಂದು ವರ್ಷದಲ್ಲಿ 4000 ಗಂಟೆ ವೀಕ್ಷಣೆ ಆಗಬೇಕು. ನಲವತ್ತು ನಿಮಿಷದ ಮ್ಯಾಚನ್ನ ಆರು ಸಾವಿರ ಸಲ ಯಾರಾದರೂ ಪೂರ್ತಿ ನೋಡಿದ ಹಾಗೆ. ಸದ್ಯಕ್ಕೆ ಆಗೋ ಮಾತಲ್ಲ, ಬಿಡಿ. ಟ್ರೈಪಾಡು ಮತ್ತೆ ಕಾಲರ್ ಮೈಕಿಗೆ ಸಂಘದ ಎಥ್ನಿಕ್ ಡೇ ಸ್ಟಾಲಿನಲ್ಲಿ ಉಳಿದ ದುಡ್ಡು ಸಾಕು. ಕೆಲವರು ಹಾಸ್ಟೆಲ್ ಗ್ರೂಪಿನಲ್ಲಿ ಸ್ಪಾನ್ಸರ್ ಹುಡುಕೋಣ ಅಂದಿದ್ದಾರೆ. ಮೊದಲು ಹತ್ತು ಮ್ಯಾಚ್ ಹಾಕಿ, ಆಮೇಲೆ ಕೇಳೋಣ.

ಮೊದಲ ರೆಕಾರ್ಡಿಂಗು ಅಂತರ ವಿಭಾಗ ಖೋ-ಖೋ, ಹುಡುಗಿಯರದು, ಸಿವಿಲ್ ಮತ್ತು ಇಸಿ. ಎರಡೂ ತಂಡದ ಎಲ್ಲರ ಒಪ್ಪಿಗೆ ಸಿಕ್ಕಿದೆ. ಬೇಡ ಅಂದಿದ್ದ ಇಬ್ಬರು ಕಾಮೆಂಟ್ ವಿಷಯ ತಿಳಿದ ಮೇಲೆ ಹೂಂ ಅಂದರು, ಅದರಲ್ಲಿ ಒಬ್ಬರು ಕಾಮೆಂಟರಿಗೂ ಬರ್ತಿದ್ದಾರೆ. ಫೋನು ಎರಡು ಇವೆ. ಕಾರಿಡಾರಿಗೆ ಎಚ್‌ಓಡಿ ಪರ್ಮಿಷನ್ ಆಗಿದೆ. ಒಬ್ಬೊಬ್ಬ ರನ್ನರ್‌ನ ಸಮಯ ಬರೆಯೋಕೆ ಸ್ಟಾಪ್‌ವಾಚ್ ಹಿಡಿದು ಕೂರುವ ಮೂವರು ಬೇಕು. ಆಟ ಗೊತ್ತಿರಬೇಕಿಲ್ಲ, ನಾಲ್ಕು ಗಂಟೆಗೆ ಗ್ರೌಂಡಿನಲ್ಲಿ ಇದ್ದರೆ ಆಯ್ತು.